ಹಳೆಯ ಟಿಲ್ಲರ್ ಮತ್ತು ಕಿರುಟ್ರ್ಯಾಕ್ಟರ್‌ಗಳ ಮರುನಿರ್ಮಾಣ

ದುಡಿದು ಹಳತಾದ ಸಣ್ಣ ಟ್ರ್ಯಾಕ್ಟರನ್ನೋ ಟಿಲ್ಲರನ್ನೋ ಪೂರ್ತಿ ಬಿಚ್ಚಿ, ಸವೆದ ಭಾಗಗಳನ್ನು ಬದಲಿಸಿ, ಗಾಲಿ, ಚಾಸಿ, ಗೇರು, ಬ್ರೇಕುಗಳನ್ನು ಬೇರೊಂದು ಕೆಲಸಕ್ಕೆ ಒಗ್ಗಿಸಿ, ರಸ್ತೆಯಿಲ್ಲದ ನೆಲದಲ್ಲಿ ಹೊರೆ ಸಾಗಿಸುವ, ಎಳೆಯುವ, ಕಳೆ ಸವರುವ, ಪಂಪು ತಿರುಗಿಸುವ ಯಂತ್ರವನ್ನಾಗಿ ಮಾಡಿಕೊಳ್ಳುವ ಕೆಲಸವೇ ಮರುನಿರ್ಮಾಣ. ರಿಪೇರಿಯಾದ ಯಂತ್ರ ಮೊದಲಿದ್ದ ಕೆಲಸಕ್ಕೇ ಮರಳುತ್ತದೆ. ಮರುನಿರ್ಮಾಣಗೊಂಡ ಯಂತ್ರದ ಕಸುಬೇ ಬೇರೆ. ಹೀಗಾಗಿ ಎಷ್ಟು ವೇಗ, ಎಷ್ಟು ಭಾರ, ಎಂಥ ಇಳಿಜಾರು ಎಂದು ತಯಾರಕರು ಹಾಕಿದ್ದ ಲೆಕ್ಕಗಳನ್ನೆಲ್ಲ ಹೊಸದಾಗಿ ಹಾಕಬೇಕು.

ಅಮೆರಿಕ, ಯುರೋಪುಗಳಲ್ಲಿ ಇದಕ್ಕೆ ಬಳಕೆಯಾಗುವುದು ಲಾನ್ ಟ್ರ್ಯಾಕ್ಟರ್, ಅಂದರೆ ಮನೆಯಂಗಳದ ಹುಲ್ಲು ಕತ್ತರಿಸಲು ಕೂತು ಓಡಿಸುವ ಪೆಟ್ರೋಲ್ ಗಾಡಿ. ಕರ್ನಾಟಕದಲ್ಲಿ ಗಾಲ್ಫ್ ಮೈದಾನ, ಕ್ರೀಡಾಂಗಣ, ದೊಡ್ಡ ಸಂಸ್ಥೆಗಳ ಆವರಣ ಬಿಟ್ಟರೆ ಅದು ಕಾಣಸಿಗುವುದು ಅಪರೂಪ. ಇಲ್ಲಿ ಆ ಜಾಗದಲ್ಲಿರುವುದು ಟಿಲ್ಲರು ಮತ್ತು 15ರಿಂದ 25 ಅಶ್ವಶಕ್ತಿಯ ಮಿನಿ ಟ್ರ್ಯಾಕ್ಟರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆ, ಅದರಲ್ಲೂ ಮಾಯಸಂದ್ರದಂಥ ಹೋಬಳಿಗಳ ಸಣ್ಣ ಹಿಡುವಳಿಯ ತೋಟಗಳು ಇಂಥ ಯಂತ್ರಕ್ಕೆ ತಕ್ಕ ನೆಲ. ಆ ತೋಟಗಳ ಅಗತ್ಯವನ್ನೇ ಮುಂದಿಟ್ಟುಕೊಂಡು ಇಲ್ಲಿ ವಿಷಯವನ್ನು ವಿವರಿಸಿದೆ.

ಹಿನ್ನೆಲೆ

ಹುಲ್ಲು ಕತ್ತರಿಸುವ ಯಂತ್ರಕ್ಕೆ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ 1830ರಲ್ಲಿ ಪೇಟೆಂಟ್ ಪಡೆದ. ಕೂತು ಓಡಿಸುವ ಸಣ್ಣ ಟ್ರ್ಯಾಕ್ಟರುಗಳು ಹರಡಿದ್ದು ಎರಡನೆಯ ಮಹಾಯುದ್ಧ ಮುಗಿದು ಅಮೆರಿಕದ ನಗರಗಳ ಸುತ್ತ ಅಂಗಳವುಳ್ಳ ಮನೆಗಳು ಎದ್ದ ಮೇಲೆ. 1961ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಕಬ್ ಕೆಡೆಟ್, 1963ರಲ್ಲಿ ಜಾನ್ ಡಿಯರ್ ಕಂಪನಿಯ 110 ಮಾದರಿ ಬಂದವು. ಉಳುವ ಸಣ್ಣ ಯಂತ್ರದ ದಾರಿ ಬೇರೆ. ತಿರುಗುವ ಬ್ಲೇಡುಗಳಿಂದ ಮಣ್ಣು ಕೊಚ್ಚುವ ಪ್ರಯೋಗವನ್ನು ಆಸ್ಟ್ರೇಲಿಯದ ಆರ್ಥರ್ ಕ್ಲಿಫರ್ಡ್ ಹೊವರ್ಡ್ 1912ರಲ್ಲಿ ಮಾಡಿದ. ಇಂದು ರೋಟವೇಟರ್ ಎಂದು ಊರೂರಿನಲ್ಲಿ ಕರೆಯುವ ಉಪಕರಣ ಅವನ ಸಾಲಿನದು. ಗದ್ದೆಗಳು ಸಣ್ಣವಾಗಿದ್ದ ಜಪಾನ್ ಇದೇ ತತ್ವವನ್ನು ನಡೆದುಕೊಂಡು ಓಡಿಸುವ ಎರಡು ಗಾಲಿಯ ಯಂತ್ರಕ್ಕೆ ಇಳಿಸಿ ಪಳಗಿಸಿತು.

ಆ ಜಪಾನಿ ಯಂತ್ರ ಕರ್ನಾಟಕಕ್ಕೆ ಬಂದದ್ದು ಬೆಂಗಳೂರಿನ ಮೂಲಕ. 1967ರಲ್ಲಿ ಹುಟ್ಟಿದ ವಿ.ಎಸ್.ಟಿ. ಟಿಲ್ಲರ್ಸ್ ಟ್ರ್ಯಾಕ್ಟರ್ಸ್ ಕಂಪನಿ ಮಿತ್ಸುಬಿಷಿ ಸಹಯೋಗದಲ್ಲಿ ಟಿಲ್ಲರು ತಯಾರಿಸತೊಡಗಿತು. ಕೇರಳದ ಸರ್ಕಾರಿ ಸಂಸ್ಥೆ ಕ್ಯಾಮ್ಕೊ 1973ರಲ್ಲಿ ಆರಂಭವಾಗಿ ಕುಬೋಟಾ ಮಾದರಿಯ ಟಿಲ್ಲರುಗಳನ್ನು ತಂದಿತು. ಈ ಎರಡೂ ಬಗೆಯ ಟಿಲ್ಲರುಗಳು ಗದ್ದೆಗೆಂದು ಹುಟ್ಟಿದವು. ಕೆಸರುಗದ್ದೆಯ ಯಂತ್ರ ಒಣಭೂಮಿಯ ತೆಂಗಿನ ತೋಟಕ್ಕೆ ಬಂದಾಗಲೇ ಅದರ ಮೊದಲ ರೂಪಾಂತರ ನಡೆದಿತ್ತು. ಹಿಂದೆ ಟ್ರೇಲರ್ ಕಟ್ಟಿದ ಟಿಲ್ಲರು ಎತ್ತಿನ ಗಾಡಿಯ ಕೆಲಸವನ್ನು ಬಹುಮಟ್ಟಿಗೆ ವಹಿಸಿಕೊಂಡಿತು.

ಇದ್ದುದನ್ನು ಬಿಚ್ಚಿ ಬೇಕಾದ್ದನ್ನು ಕಟ್ಟಿಕೊಳ್ಳುವ ರೂಢಿ ಕೊರತೆಯ ಕಾಲದಲ್ಲಿ ಎಲ್ಲ ದೇಶಗಳಲ್ಲೂ ಬೆಳೆದಿದೆ. ಯುದ್ಧದ ವರ್ಷಗಳಲ್ಲಿ ಟ್ರ್ಯಾಕ್ಟರು ಸಿಗದ ಅಮೆರಿಕದ ರೈತರು ಹಳೆಯ ಫೋರ್ಡ್ ಕಾರುಗಳನ್ನು ಕತ್ತರಿಸಿ ಡೂಡಲ್‌ಬಗ್ ಎಂಬ ಗಾಡಿ ಮಾಡಿಕೊಂಡರು. ಸ್ವೀಡನ್ನಿನಲ್ಲಿ ಕಾರಿನಿಂದ ಮಾಡಿದ ಇಪಿಎ ಟ್ರ್ಯಾಕ್ಟರಿಗೆ ಸರ್ಕಾರವೇ ನಿಯಮ ರೂಪಿಸಿತು. 1975ರಲ್ಲಿ ಅದರ ಜಾಗಕ್ಕೆ ಬಂದ ಎ-ಟ್ರ್ಯಾಕ್ಟರ್ ನಿಯಮ ವೇಗವನ್ನು ಗಂಟೆಗೆ 30 ಕಿ.ಮೀ.ಗೆ ಕಟ್ಟಿಹಾಕಿತು. ಕರ್ನಾಟಕದಲ್ಲಿ ಈ ಬಗೆಯ ರೈತ ಆವಿಷ್ಕಾರಗಳಿಗೆ ದಾಖಲೆ ಸಿಕ್ಕಿದ್ದು ಹೆಚ್ಚಾಗಿ ಕರಾವಳಿಯ ಅಡಿಕೆ ಸೀಮೆಯಲ್ಲಿ. ಪುತ್ತೂರಿನಿಂದ 1988ರಿಂದ ಬರುತ್ತಿರುವ ‘ಅಡಿಕೆ ಪತ್ರಿಕೆ’ ರೈತರೇ ಕಟ್ಟಿದ ಯಂತ್ರಗಳನ್ನು ಚಿತ್ರ ಸಮೇತ ಪರಿಚಯಿಸಿದೆ. ಬಯಲುಸೀಮೆಯ ತೆಂಗಿನ ತೋಟಗಳ ಇಂಥ ಕೆಲಸ ಬಹುಪಾಲು ಲೇತ್ ಅಂಗಡಿ, ವೆಲ್ಡಿಂಗ್ ಶೆಡ್ಡುಗಳಲ್ಲೇ ಉಳಿದಿದೆ. ಅದನ್ನೂ ಯಾರಾದರೂ ಅಷ್ಟೇ ಶ್ರದ್ಧೆಯಿಂದ ಬರೆದಿಡಬೇಕು.

ತೋಟ ಕೇಳುವುದೇನು

ತೆಂಗನ್ನು ಸಾಮಾನ್ಯವಾಗಿ 7.5ರಿಂದ 9 ಮೀಟರು ಅಂತರದಲ್ಲಿ ನೆಡುತ್ತಾರೆ. 9 ಮೀಟರು ಚೌಕದ ಲೆಕ್ಕದಲ್ಲಿ ಹೆಕ್ಟೇರಿಗೆ 123 ಮರ, ಎಕರೆಗೆ ಸುಮಾರು 50. ಬರೀ ತೆಂಗಾದರೆ ದೊಡ್ಡ ಟ್ರ್ಯಾಕ್ಟರಿಗೂ ಓಡಾಡಲು ಜಾಗವುಂಟು. ಆದರೆ ನಡುವೆ 2.7 ಮೀಟರು ಅಂತರದ ಅಡಿಕೆ, ಬಾಳೆ, ಮೆಣಸು ಬಂದಿರುವ ತೋಟದಲ್ಲಿ ಸಲೀಸಾಗಿ ಉಳಿಯುವ ದಾರಿ ಕೆಲವೆಡೆ ಒಂದೂಕಾಲು ಮೀಟರಿಗೂ ಕಡಿಮೆ. ಹಾಗಾಗಿ ಯಂತ್ರದ ಹೊರ ಅಗಲ ಒಂದು ಮೀಟರಿನ ಆಸುಪಾಸಿನಲ್ಲಿ ನಿಲ್ಲಬೇಕು. ನೆಲದ ಮೇಲೆ ಹನಿ ನೀರಾವರಿಯ ಪೈಪುಗಳು ಹಾಯ್ದಿರುತ್ತವೆ. ಮರದ ಬುಡದಲ್ಲಿ ಪಾತಿ, ಅಂಚಿನಲ್ಲಿ ಬದು, ಅಲ್ಲಲ್ಲಿ ಕಾಲುವೆ. ಮಳೆಗಾಲದಲ್ಲಿ ಕೆಂಪುಮಣ್ಣು ಜಾರುತ್ತದೆ, ಕೆರೆಯ ಗೋಡು ಹೊಡೆದ ತೋಟವಂತೂ ಮತ್ತಷ್ಟು.

ಕೆಲಸಗಳ ಪಟ್ಟಿಯೂ ಬದಲಾಗಿದೆ. ಮೊದಲು ಟಿಲ್ಲರಿನಿಂದ ತೋಟವನ್ನು ವರ್ಷಕ್ಕೆ ಎರಡು ಮೂರು ಸಲ ಉಳುತ್ತಿದ್ದರು. ತೆಂಗಿನ ಬೇರಿನ ಬಹುಪಾಲು ಬುಡದಿಂದ ಸುಮಾರು 2 ಮೀಟರಿನೊಳಗೇ ಹಬ್ಬುತ್ತದೆ. ಆ ವಲಯದಲ್ಲಿ ಆಳವಾಗಿ ಉತ್ತರೆ ಬೇರು ಹರಿಯುತ್ತದೆ. ಈ ಸೀಮೆಯ ತೋಟಗಳನ್ನು ಕಾಡುವ ಅಣಬೆ ರೋಗಕ್ಕೆ ತೋಟಗಾರಿಕೆ ತಜ್ಞರು ಕೊಡುವ ಸಲಹೆಗಳಲ್ಲಿ ಬೇರಿಗೆ ಗಾಯ ಮಾಡಬಾರದು ಎಂಬುದು ಮುಖ್ಯವಾದದ್ದು. ಉಳುಮೆ ಕಡಿಮೆಯಾದಂತೆ ಕಳೆಯನ್ನು ನೆಲಮಟ್ಟಕ್ಕೆ ಸವರಿ ಅಲ್ಲೇ ಹೊದಿಕೆಯಾಗಿ ಬಿಡುವ ಕ್ರಮ ಹೆಚ್ಚಿತು. ಒಂದು ಮರ ವರ್ಷಕ್ಕೆ ಸುಮಾರು ಹನ್ನೆರಡು ಗರಿ ಬೀಳಿಸುತ್ತದೆ, ಅಂದರೆ ಎಕರೆಗೆ ಆರುನೂರು ಗರಿ. ಅವನ್ನು ಎಳೆದು ಒಟ್ಟಬೇಕು ಇಲ್ಲವೇ ಪುಡಿ ಮಾಡಬೇಕು. ಕಿತ್ತ ಕಾಯಿಯನ್ನು ಕೊಬ್ಬರಿಯ ಅಟ್ಟದ ಬಳಿಗೆ ತರಬೇಕು. ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿ ಉಂಡೆ ಕೊಬ್ಬರಿಯಾದ ಮೇಲೆ ಅದು ತಿಪಟೂರಿನ ಎಪಿಎಂಸಿಗೆ ಹೋಗುತ್ತದೆ. ಸುಲಿದ ಮಟ್ಟೆಯನ್ನು ಮರಳಿ ಪಾತಿಗೆ ಸಾಗಿಸಬೇಕು, ಗೊಬ್ಬರ ಹೊರಬೇಕು, ಔಷಧಿ ಸಿಂಪಡಿಸುವ ಪಂಪು ನಡೆಸಬೇಕು. ಉಳುವುದಕ್ಕೆಂದು ಹುಟ್ಟಿದ ಟಿಲ್ಲರಿನಿಂದ ತೋಟ ಈಗ ಕೇಳುತ್ತಿರುವುದು ಉಳದೆ ದುಡಿಯುವುದನ್ನು. ಮರುನಿರ್ಮಾಣದ ಎಲ್ಲ ತೀರ್ಮಾನಗಳೂ ಇದರ ಮೇಲೆ ನಿಲ್ಲುತ್ತವೆ.

ಯಂತ್ರದ ಆಯ್ಕೆ

ಈ ಭಾಗದಲ್ಲಿ ಸುಲಭವಾಗಿ ಸಿಗುವ ಹಳೆಯ ಯಂತ್ರಗಳೆಂದರೆ 12–13 ಅಶ್ವಶಕ್ತಿಯ ಟಿಲ್ಲರುಗಳು. ಶಕ್ತಿ 130 ಡಿಐ ಮಾದರಿಯಲ್ಲಿ ಅಡ್ಡ ಮಲಗಿದ ಒಂಟಿ ಸಿಲಿಂಡರಿನ, ನೀರಿನಿಂದ ತಂಪಾಗುವ ಡೀಸೆಲ್ ಎಂಜಿನ್ನು ಇದೆ. ಎಂಜಿನ್ನಿನ ಬಲ ಗೇರ್‌ಬಾಕ್ಸಿಗೆ ವಿ-ಬೆಲ್ಟುಗಳ ಮೂಲಕ ಹರಿಯುತ್ತದೆ. ಈ ಸರಳ ಜೋಡಣೆಯೇ ಮರುನಿರ್ಮಾಣಕ್ಕೆ ದೊಡ್ಡ ಅನುಕೂಲ. ಪುಲ್ಲಿ ಬದಲಿಸಿದರೆ ವೇಗ ಬದಲಾಗುತ್ತದೆ, ಎಂಜಿನ್ನನ್ನೇ ಇಳಿಸಿ ಬೇರೆ ಚಾಸಿಗೆ ಕೂರಿಸಬಹುದು. ಮಿನಿ ಟ್ರ್ಯಾಕ್ಟರುಗಳಲ್ಲಿ 18.5 ಅಶ್ವಶಕ್ತಿಯ, ಮೂರು ಸಿಲಿಂಡರಿನ ಎಂಟಿ 180ಡಿ ತುಂಬ ಕಾಲದಿಂದ ಬಳಕೆಯಲ್ಲಿದೆ. 15 ಅಶ್ವಶಕ್ತಿಯ ಮಹೀಂದ್ರ ಯುವರಾಜ್ 215 ಒಂಟಿ ಸಿಲಿಂಡರಿನದು. ಲಾನ್ ಟ್ರ್ಯಾಕ್ಟರಿಗೆ ತೀರ ಹತ್ತಿರವಾದ ಭಾರತೀಯ ಯಂತ್ರವೆಂದರೆ 2021ರಲ್ಲಿ ಬಂದ ಸ್ವರಾಜ್ ಕೋಡ್. ಸುಮಾರು 11 ಅಶ್ವಶಕ್ತಿಯ, ಪೆಟ್ರೋಲಿನಿಂದ ಓಡುವ, ಕಿರಿದಾದ ಸಾಲುಗಳ ನಡುವೆ ಕೂತು ಓಡಿಸುವ ಯಂತ್ರ ಅದು. ಹಳತಾಗಿ ಕೈಬದಲಾಗುವಷ್ಟು ಕಾಲ ಅದಕ್ಕಿನ್ನೂ ಆಗಿಲ್ಲ.

ಸಹಾಯಧನ ದೊರೆಯುವುದು ಹೊಸ ಯಂತ್ರಕ್ಕೆ ಮಾತ್ರ. 2014–15ರಲ್ಲಿ ಶುರುವಾದ ಕೃಷಿ ಯಂತ್ರಧಾರೆ ಕೇಂದ್ರಗಳಿಂದ ಬಾಡಿಗೆಗೂ ಯಂತ್ರ ಸಿಗುತ್ತದೆ. ಆದ್ದರಿಂದ ಹಳೆಯದನ್ನು ಕೊಳ್ಳುವ ಮುನ್ನ ಲೆಕ್ಕ ಹಾಕುವುದು ಒಳ್ಳೆಯದು. ವರ್ಷದಲ್ಲಿ ಕೆಲವೇ ದಿನ ಬೇಕಾಗುವ ಕೆಲಸಕ್ಕೆ ಬಾಡಿಗೆ ಸಾಕು. ದಿನವೂ ತೋಟದಲ್ಲಿ ಸುತ್ತುವ ಗಾಡಿ ಬೇಕಾದವರಿಗೆ ಮರುನಿರ್ಮಾಣ ಗಿಟ್ಟುತ್ತದೆ.

ಕೊಳ್ಳುವಾಗ ಬಣ್ಣ ನೋಡಿ ಮೋಸಹೋಗುವವರೇ ಹೆಚ್ಚು. ನೋಡಬೇಕಾದ್ದು ಬೇರೆ ಇದೆ. ತಣ್ಣಗಿರುವ ಎಂಜಿನ್ನನ್ನು ತಾವೇ ಹ್ಯಾಂಡಲ್ ಹೊಡೆದು ಶುರು ಮಾಡಬೇಕು. ಮಾರುವವನು ಮೊದಲೇ ಬಿಸಿ ಮಾಡಿಟ್ಟಿದ್ದರೆ ಕಂಪ್ರೆಷನ್ ದೋಷ ಅಡಗಿಬಿಡುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ರಿಂಗು ಅಥವಾ ಲೈನರು ಸವೆದಿದೆ. ಕಪ್ಪು ಹೊಗೆಗೆ ಕಾರಣ ಕಟ್ಟಿಕೊಂಡ ಏರ್ ಫಿಲ್ಟರೋ ಕೆಟ್ಟ ನಾಝಲ್ಲೋ ಇರಬಹುದು. ಗೇಜುಕಡ್ಡಿಯ ಮೇಲಿನ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಗೇರ್‌ಬಾಕ್ಸಿನ ಆಯಿಲನ್ನು ಸ್ವಲ್ಪ ಇಳಿಸಿ ಬೆರಳ ನಡುವೆ ಉಜ್ಜಿ ನೋಡಬೇಕು. ಲೋಹದ ಚೂರು ಕೈಗೆ ತಗುಲಿದರೆ ಆ ಯಂತ್ರವನ್ನು ಬಿಟ್ಟು ಬರುವುದೇ ಲೇಸು. ಎಂಜಿನ್ ಹಳತಾದರೆ ಹೊಸ ಕಿಟ್ಟು ಹಾಕಬಹುದು, ಗೇರ್‌ಬಾಕ್ಸ್ ಒಡೆದರೆ ಖರ್ಚಿಗೆ ಕೊನೆಯಿಲ್ಲ.

ಎಂಜಿನ್ನು

ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್ನನ್ನು ಬಿಚ್ಚಿ ಕಟ್ಟುವುದು ತಾಲ್ಲೂಕು ಕೇಂದ್ರಗಳ ಮೆಕ್ಯಾನಿಕ್ಕುಗಳಿಗೆ ಕರತಲಾಮಲಕ. ಲೈನರಿನ ಒಳವ್ಯಾಸವನ್ನು ಮೇಲೆ, ನಡುವೆ, ಕೆಳಗೆ ಅಳೆದು ಅಂಡಾಕಾರಕ್ಕೆ ಸವೆದಿದ್ದರೆ ಲೈನರು, ಪಿಸ್ಟನ್, ರಿಂಗು ಒಟ್ಟಿಗೆ ಬದಲಿಸುತ್ತಾರೆ. ಕ್ರ್ಯಾಂಕಿನ ಪಿನ್ನು ಸವೆದಿದ್ದರೆ ಅದನ್ನು 0.25 ಅಥವಾ 0.50 ಮಿ.ಮೀ. ಗ್ರೈಂಡ್ ಮಾಡಿಸಿ ಆ ಅಳತೆಯ ಬೇರಿಂಗ್ ಹಾಕುತ್ತಾರೆ. ವಾಲ್ವು ಅರೆದು ಕೂರಿಸುವುದು, ನಾಝಲ್ಲಿನ ಒತ್ತಡ ಪರೀಕ್ಷೆ, ಟ್ಯಾಪೆಟ್ ಅಂತರ ಸರಿಪಡಿಸುವುದು ಉಳಿದ ಕೆಲಸ. ತೋಟದಲ್ಲಿ ದೂಳು ಮತ್ತು ನಾರಿನ ಪುಡಿ ಸದಾ ಹಾರುವುದರಿಂದ ಆಯಿಲ್ ಬಾತ್ ಏರ್ ಕ್ಲೀನರು ಸರಿಯಾಗಿರಲೇಬೇಕು. ರೇಡಿಯೇಟರಿನ ಜಾಲರಿಗೆ ನಾರು ಮೆತ್ತಿಕೊಂಡು ಎಂಜಿನ್ ಕಾಯುವುದು ಈ ಸೀಮೆಯಲ್ಲಿ ಮಾಮೂಲು. ಮುಂದೆ ಸಣ್ಣ ಕಣ್ಣಿನ ತಂತಿ ಬಲೆ ಕಟ್ಟಿ, ದಿನಕ್ಕೊಮ್ಮೆ ಬಡಿದು ಕೊಡವಬಹುದು.

ಲಾನ್ ಟ್ರ್ಯಾಕ್ಟರಿನ ಎಂಜಿನ್ನು ಬಹುಪಾಲು ಗಾಳಿಯಿಂದ ತಂಪಾಗುವ ಪೆಟ್ರೋಲ್ ಎಂಜಿನ್ನು. ಬ್ಲೇಡು ತಿರುಗಿಸಲು ಅನುಕೂಲವಾಗಲೆಂದು ಅದರ ಶಾಫ್ಟು ನೆಲದ ಕಡೆಗೆ ನೆಟ್ಟಗೆ ಇಳಿದಿರುತ್ತದೆ. ಆಯಿಲನ್ನು ಎರಚಿಯೇ ಭಾಗಗಳಿಗೆ ಮುಟ್ಟಿಸುವ ಮಾದರಿಗಳು ಕಡಿದಾದ ಇಳಿಜಾರಿನಲ್ಲಿ ಹೆಚ್ಚು ಹೊತ್ತು ಓಡಿದರೆ ಆಯಿಲ್ ತಲುಪದೆ ಎಂಜಿನ್ ಹಿಡಿದುಕೊಳ್ಳುತ್ತದೆ.

ಬಲ, ಹಿಡಿತ, ಗೇರು

ಮರುನಿರ್ಮಾಣಕ್ಕೆ ಕೈಹಾಕುವವರು ಮೊದಲು ಯೋಚಿಸುವುದು ದೊಡ್ಡ ಎಂಜಿನ್ನಿನ ಬಗ್ಗೆ. ಲೆಕ್ಕ ಹಾಕಿದರೆ ಆ ಯೋಚನೆ ನಿಲ್ಲುವುದಿಲ್ಲ. 13 ಅಶ್ವಶಕ್ತಿ ಎಂದರೆ ಸುಮಾರು 9.6 ಕಿಲೊವಾಟ್. ಬೆಲ್ಟು, ಗೇರುಗಳಲ್ಲಿ ನಷ್ಟವಾಗಿ ನೂರಕ್ಕೆ ಎಪ್ಪತ್ತು ಪಾಲು ಗಾಲಿಗೆ ತಲುಪಿತೆಂದರೂ, ಗಂಟೆಗೆ 3 ಕಿ.ಮೀ. ವೇಗದಲ್ಲಿ ಆ ಎಂಜಿನ್ನು ಸುಮಾರು 800 ಕೆ.ಜಿ.ಯಷ್ಟು ಬಲದಿಂದ ಎಳೆಯಬಲ್ಲದು. ಆದರೆ ಗಾಲಿ ನೆಲವನ್ನು ಕಚ್ಚಿ ಹಿಡಿಯುವ ಬಲ ಯಂತ್ರದ ಭಾರವನ್ನು ಅವಲಂಬಿಸಿದೆ. ಸಡಿಲ ಮಣ್ಣಿನಲ್ಲಿ ಅದು ಗಾಲಿಯ ಮೇಲಿನ ಭಾರದ ಸುಮಾರು ಅರ್ಧ. ಗಾಲಿಯ ಮೇಲೆ 500 ಕೆ.ಜಿ. ಭಾರವಿದ್ದರೆ 250 ಕೆ.ಜಿ. ಎಳೆತಕ್ಕೇ ಗಾಲಿ ಜಾರಿ ಸುತ್ತತೊಡಗುತ್ತದೆ. ಎಂಜಿನ್ನಿನ ಮಿಕ್ಕ ಬಲವೆಲ್ಲ ಮಣ್ಣು ಕೆದರುವುದಕ್ಕೆ ಹೋಗುತ್ತದೆ. ಆದ್ದರಿಂದ ಹಣ ಹಾಕಬೇಕಾದ್ದು ಎಂಜಿನ್ನಿನ ಮೇಲಲ್ಲ. ನಿಧಾನದ ಗೇರು, ಹಿಡಿತದ ಟೈರು, ಸರಿಯಾದ ಜಾಗದಲ್ಲಿ ಭಾರ, ಇವುಗಳ ಮೇಲೆ.

ವೇಗವನ್ನು ಇಳಿಸುವ ಸುಲಭ ದಾರಿ ಪುಲ್ಲಿ. ಎಂಜಿನ್ನಿನ ಕಡೆ 4 ಇಂಚು, ಗೇರ್‌ಬಾಕ್ಸಿನ ಕಡೆ 6 ಇಂಚಿನ ಪುಲ್ಲಿಗಳಿದ್ದರೆ ವೇಗ ಒಂದೂವರೆ ಪಟ್ಟು ತಗ್ಗುತ್ತದೆ. ಅವನ್ನು 3 ಮತ್ತು 9 ಇಂಚಿಗೆ ಬದಲಿಸಿದರೆ ಮೂರು ಪಟ್ಟು. ಅಂದರೆ ಮೊದಲಿನ ಅರ್ಧ ವೇಗ, ಎರಡರಷ್ಟು ತಿರುಚುಬಲ. ತೀರ ಸಣ್ಣ ಪುಲ್ಲಿಗೆ ಬೆಲ್ಟು ಸಾಕಷ್ಟು ಸುತ್ತಿಕೊಳ್ಳದೆ ಜಾರುತ್ತದೆ. ಎರಡರಷ್ಟು ತಿರುಚುಬಲವನ್ನು ಒಳಗಿನ ಗೇರಿನ ಹಲ್ಲುಗಳು ತಡೆಯಬೇಕಲ್ಲ ಎಂಬುದನ್ನೂ ನೆನಪಿಡಬೇಕು. ಲಾನ್ ಟ್ರ್ಯಾಕ್ಟರಿನ ಹಗುರ ಗೇರ್‌ಬಾಕ್ಸು ಒಡೆಯುವುದು ಇಲ್ಲೇ. ದೊಡ್ಡ ಟೈರು ಹಾಕಿದಾಗಲೂ ಇದೇ ಗಣಿತ ಎದುರಾಗುತ್ತದೆ. 20 ಇಂಚಿನ ಟೈರಿನ ಜಾಗಕ್ಕೆ 25 ಇಂಚಿನದು ಬಂದರೆ ವೇಗ ನೂರಕ್ಕೆ 25ರಷ್ಟು ಏರಿ, ಎಳೆಯುವ ಬಲ ನೂರಕ್ಕೆ 20ರಷ್ಟು ಇಳಿಯುತ್ತದೆ.

ಟಿಲ್ಲರಿನ ಎಂಜಿನ್ನನ್ನು ನಾಲ್ಕು ಗಾಲಿಯ ಚಾಸಿಗೆ ಕೂರಿಸಿ, ಗುಜರಿಯಲ್ಲಿ ಸಿಗುವ ಜೀಪು ಅಥವಾ ವ್ಯಾನಿನ ಗೇರ್‌ಬಾಕ್ಸು, ಹಿಂದಿನ ಆಕ್ಸಲ್ ಜೋಡಿಸುವುದು ಇನ್ನೊಂದು ದಾರಿ. ಎಂಜಿನ್ನು ನಿಮಿಷಕ್ಕೆ 2,400 ಸುತ್ತು ತಿರುಗುತ್ತದೆ. ಟೈರಿನ ಸುತ್ತಳತೆ 2 ಮೀಟರು ಎಂದಿಟ್ಟುಕೊಂಡರೆ, ಗಂಟೆಗೆ 3 ಕಿ.ಮೀ. ಸಾಗಲು ಗಾಲಿ ನಿಮಿಷಕ್ಕೆ 25 ಸುತ್ತು ತಿರುಗಿದರೆ ಸಾಕು. ಒಟ್ಟು ಇಳಿಕೆ 96 ಪಟ್ಟು ಬೇಕು. ವಾಹನದ ಮೊದಲ ಗೇರು ಸುಮಾರು 4 ಪಟ್ಟು, ಡಿಫರೆನ್ಷಿಯಲ್ ಇನ್ನು 4 ಪಟ್ಟು, ಒಟ್ಟು 16 ಪಟ್ಟು ಮಾತ್ರ ಇಳಿಸುತ್ತವೆ. ಮಿಕ್ಕ 6 ಪಟ್ಟನ್ನು ಪುಲ್ಲಿಯಿಂದಲೋ ಎರಡನೆಯ ಗೇರ್‌ಬಾಕ್ಸಿನಿಂದಲೋ ತರಬೇಕು. ಈ ಲೆಕ್ಕವನ್ನು ಕಾಗದದ ಮೇಲೆ ಹಾಕದೆ ಕಟ್ಟಿದ ಗಾಡಿಗಳು ಖಾಲಿಯಾಗಿ ಚೆನ್ನಾಗಿ ಓಡುತ್ತವೆ. ಕಾಯಿ ತುಂಬಿ ಬದು ಹತ್ತಿಸುವಾಗ ಕ್ಲಚ್ಚು ಸುಟ್ಟುಕೊಳ್ಳುತ್ತವೆ.

ಗಾಲಿಗಳು

ಹಲ್ಲಿನ ಟೈರಿಗೆ ದಿಕ್ಕು ಇದೆ. ಎಳೆಯುವ ಗಾಲಿಯನ್ನು ಹಿಂದಿನಿಂದ ನೋಡಿದಾಗ ಮೇಲುಭಾಗದ ಹಲ್ಲುಗಳ ಚೂಪು ಮೇಲ್ಮುಖವಾಗಿ ಕಾಣಬೇಕು. ಆಗ ಮೆತ್ತಿದ ಕೆಸರು ಅಂಚಿಗೆ ಜಾರಿ ಬೀಳುತ್ತದೆ. ತಿರುವಿ ಹಾಕಿದರೆ ಕೆಸರು ತುಂಬಿ ಟೈರು ನುಣ್ಣಗಾಗುತ್ತದೆ. ಕಬ್ಬಿಣದ ಕೇಜ್‌ವೀಲು ಗದ್ದೆಗೆ ಸರಿ, ತೋಟದಲ್ಲಿ ಅದು ಹನಿ ಪೈಪನ್ನೂ ಬೇರನ್ನೂ ಕತ್ತರಿಸುತ್ತದೆ. ಭಾರ ಹೆಚ್ಚಿಸಲು ಟ್ಯೂಬಿನ ಮುಕ್ಕಾಲು ಪಾಲು ನೀರು ತುಂಬಿಸುವ ಕ್ರಮ ಟ್ರ್ಯಾಕ್ಟರುಗಳಲ್ಲಿ ಹಳೆಯದು. ಭಾರ ಕೆಳಗೇ ಉಳಿಯುವುದರಿಂದ ಇದು ಒಳ್ಳೆಯದೂ ಹೌದು. ಆದರೆ ಭಾರ ಹೆಚ್ಚಿದಷ್ಟೂ ನೆಲ ಗಟ್ಟಿಯಾಗುತ್ತದೆ, ಹಾಗಾಗಿ ಪ್ರತಿಸಲ ಒಂದೇ ಜಾಡಿನಲ್ಲಿ, ಸಾಲಿನ ನಡುಮಧ್ಯದಲ್ಲಿ ಓಡಿಸಿ ಪಾತಿಯನ್ನು ಉಳಿಸಬೇಕು. ಅಗಲದ ಟೈರಿನಲ್ಲಿ ಕಡಿಮೆ ಗಾಳಿ ಇಟ್ಟರೆ ಹಿಡಿತವೂ ಹೆಚ್ಚು, ಮಣ್ಣಿನ ಮೇಲಿನ ಒತ್ತಡವೂ ಕಡಿಮೆ.

ಚಾಸಿ ಮತ್ತು ಮಗುಚುವ ಅಪಾಯ

ಚಾಸಿಗೆ ಸಾಮಾನ್ಯವಾಗಿ ಕಬ್ಬಿಣದ ಚಾನೆಲ್ ಬಳಸುತ್ತಾರೆ. ಎಂಜಿನ್ನು, ಗೇರ್‌ಬಾಕ್ಸು ಕೂರುವ ಜಾಗಗಳಲ್ಲಿ ವೆಲ್ಡಿಂಗ್ ಮಾತ್ರ ನಂಬದೆ ಪ್ಲೇಟು ಕೊಟ್ಟು ಬೋಲ್ಟು ಹಾಕಬೇಕು. ಒಂಟಿ ಸಿಲಿಂಡರಿನ ಅದುರು ವೆಲ್ಡಿಂಗನ್ನು ನಿಧಾನವಾಗಿ ಬಿರಿಸುತ್ತದೆ.

ಕಲ್ಲು, ಬೊಡ್ಡೆ ತಾಗದಿರಲೆಂದು ಯಂತ್ರವನ್ನು ಎತ್ತರಿಸುವ ಆಸೆ ಎಲ್ಲರಿಗೂ ಬರುತ್ತದೆ. ಎತ್ತರಕ್ಕೆ ತೆರಬೇಕಾದ ಬೆಲೆಯನ್ನು ಅಳೆಯಬಹುದು. ಎರಡು ಗಾಲಿಗಳ ನಡುವಿನ ಅಂತರ 90 ಸೆಂ.ಮೀ., ಭಾರಕೇಂದ್ರ ನೆಲದಿಂದ 60 ಸೆಂ.ಮೀ. ಎತ್ತರದಲ್ಲಿದ್ದರೆ, ನಿಂತ ಯಂತ್ರ ಪಕ್ಕಕ್ಕೆ ಸುಮಾರು 37 ಡಿಗ್ರಿ ವಾಲುವವರೆಗೆ ಮಗುಚುವುದಿಲ್ಲ. ಭಾರಕೇಂದ್ರವನ್ನು ಬರೀ 15 ಸೆಂ.ಮೀ. ಎತ್ತರಿಸಿದರೆ ಆ ಮಿತಿ 31 ಡಿಗ್ರಿಗೆ ಇಳಿಯುತ್ತದೆ. ಓಡುತ್ತಿರುವಾಗ, ತಿರುಗುವಾಗ, ಒಂದು ಗಾಲಿ ಪಾತಿಗೆ ಇಳಿದಾಗ ನಿಜವಾದ ಮಿತಿ ಇದರ ಅರ್ಧಕ್ಕೂ ಬರಬಹುದು. ಕೂತು ಓಡಿಸುವ ಹುಲ್ಲುಯಂತ್ರಗಳಿಗೆ ತಯಾರಕರು ಸಾಮಾನ್ಯವಾಗಿ 15 ಡಿಗ್ರಿಯ ಮಿತಿ ಹಾಕುವುದು ಈ ಕಾರಣಕ್ಕೇ. ಕೂರುವ ಜಾಗದ ಹಿಂದೆ ಗಟ್ಟಿ ಪೈಪಿನ ಕಮಾನು ಮತ್ತು ಸೀಟ್ ಬೆಲ್ಟು ಎರಡೂ ಇರಲಿ. ಒಂದಿದ್ದು ಇನ್ನೊಂದಿಲ್ಲದಿದ್ದರೆ ಪ್ರಯೋಜನ ಅಲ್ಪ.

ಹಿಂದಕ್ಕೆ ಮಗುಚುವುದು ಇನ್ನೂ ಘೋರ. ಸತ್ತ ತೆಂಗಿನ ಬೊಡ್ಡೆಯನ್ನು ಕೀಳಲು ಸರಪಳಿಯನ್ನು ಆಕ್ಸಲ್ಲಿಗಿಂತ ಮೇಲೆ, ಸೀಟಿನ ಕಬ್ಬಿಣಕ್ಕೋ ಕಮಾನಿಗೋ ಕಟ್ಟಿ ಎಳೆದರೆ ಬೊಡ್ಡೆ ಕದಲುವುದಿಲ್ಲ, ಯಂತ್ರದ ಮೂತಿ ಮೇಲೇಳುತ್ತದೆ. ಗಾಲಿ ನಿಂತಲ್ಲೇ ನಿಂತು ಇಡೀ ಯಂತ್ರ ಆಕ್ಸಲ್ಲಿನ ಸುತ್ತ ತಿರುಗಿ ಚಾಲಕನ ಮೇಲೆ ಬೀಳಲು ಕ್ಷಣ ಸಾಕು, ಕ್ಲಚ್ಚು ಒತ್ತುವಷ್ಟೂ ಸಮಯ ಸಿಗುವುದಿಲ್ಲ. ಎಳೆಯುವ ಕೊಂಡಿ ಯಾವತ್ತೂ ಆಕ್ಸಲ್ಲಿಗಿಂತ ಕೆಳಗಿರಬೇಕು. ಹೊಸದಾಗಿ ಕಟ್ಟಿದ ಯಂತ್ರದಲ್ಲಿ ಮೇಲ್ಗಡೆ ಸರಪಳಿ ಸಿಕ್ಕಿಸಲು ಜಾಗವೇ ಇಲ್ಲದಂತೆ ಮಾಡುವುದು ಉತ್ತಮ.

ತಿರುಗಿಸುವುದು, ನಿಲ್ಲಿಸುವುದು

ಟಿಲ್ಲರಿಗೆ ಡಿಫರೆನ್ಷಿಯಲ್ ಇಲ್ಲ. ಹ್ಯಾಂಡಲ್ಲಿನ ಎಡ ಬಲಗಳಲ್ಲಿ ಒಂದೊಂದು ಸ್ಟೀರಿಂಗ್ ಕ್ಲಚ್ ಲಿವರು ಇರುತ್ತದೆ. ಎಡ ಲಿವರು ಹಿಡಿದರೆ ಎಡಗಾಲಿಗೆ ಶಕ್ತಿ ತಪ್ಪಿ ಅದು ಹಿಂದುಳಿಯುತ್ತದೆ, ಬಲಗಾಲಿ ತಳ್ಳಿ ಯಂತ್ರ ಎಡಕ್ಕೆ ತಿರುಗುತ್ತದೆ. ಇದು ಸಮತಟ್ಟಾದ ನೆಲದ ಮಾತು. ಕೆರೆ ಏರಿಯಿಂದ ಹೊರೆ ಸಮೇತ ಇಳಿಯುವಾಗ ಎಂಜಿನ್ನು ಯಂತ್ರವನ್ನು ಮುಂದೆ ತಳ್ಳುತ್ತಿರುವುದಿಲ್ಲ, ಹಿಡಿದು ನಿಲ್ಲಿಸುತ್ತಿರುತ್ತದೆ. ಆಗ ಎಡ ಲಿವರು ಹಿಡಿದರೆ ಬಿಡುಗಡೆಯಾದ ಎಡಗಾಲಿ ಬಲಗಾಲಿಗಿಂತ ಜೋರಾಗಿ ಉರುಳುತ್ತದೆ, ಯಂತ್ರ ಬಲಕ್ಕೆ ತಿರುಗುತ್ತದೆ. ಗಾಬರಿಯಾದ ಚಾಲಕ ಇನ್ನೂ ಬಿಗಿಯಾಗಿ ಅದೇ ಲಿವರು ಹಿಡಿಯುತ್ತಾನೆ. ಅನುಭವಿಗಳು ಇಳಿಜಾರಿನಲ್ಲಿ ಲಿವರು ಮುಟ್ಟದೆ, ಕಡಿಮೆ ಗೇರಿನಲ್ಲಿ, ಹ್ಯಾಂಡಲ್ ಒತ್ತಿಯೇ ತಿರುಗಿಸುತ್ತಾರೆ. ನಾಲ್ಕು ಗಾಲಿಗೆ ಮಾರ್ಪಡಿಸುವುದಕ್ಕೆ ಇರುವ ಅತ್ಯಂತ ಬಲವಾದ ಕಾರಣ ಇದೇ. ಮುಂದಿನ ಆಕ್ಸಲ್ಲು, ಸ್ಟೀರಿಂಗ್ ಬಾಕ್ಸು ಬಂದ ಕೂಡಲೇ ಈ ಅಪಾಯ ಹೋಗುತ್ತದೆ.

ಡಿಫರೆನ್ಷಿಯಲ್ ಬಂದರೆ ಇನ್ನೊಂದು ತೊಡಕು: ಒಂದು ಗಾಲಿ ಕೆಸರಿಗೆ ಬಿದ್ದರೆ ಶಕ್ತಿಯೆಲ್ಲ ಅದಕ್ಕೇ ಹರಿದು ಸುಮ್ಮನೆ ಸುತ್ತುತ್ತದೆ. ಒಳಗಿನ ಗೇರುಗಳನ್ನು ವೆಲ್ಡ್ ಮಾಡಿ ಎರಡೂ ಗಾಲಿಯನ್ನು ಒಂದಾಗಿಸುವ ಉಪಾಯ ಚಾಲ್ತಿಯಲ್ಲಿದೆ. ಅದರಿಂದ ಪ್ರತಿ ತಿರುವಿನಲ್ಲೂ ಟೈರು ಮಣ್ಣು ಕಿತ್ತು, ಕೊನೆಗೊಂದು ದಿನ ಆಕ್ಸಲ್ ಮುರಿಯುತ್ತದೆ. ಎಡಕ್ಕೂ ಬಲಕ್ಕೂ ಬೇರೆ ಬೇರೆ ಬ್ರೇಕ್ ಪೆಡಲು ಇಡುವುದು ಟ್ರ್ಯಾಕ್ಟರುಗಳ ಹಳೆಯ ಮತ್ತು ಸರಿಯಾದ ಪರಿಹಾರ. ಸುತ್ತುವ ಗಾಲಿಯನ್ನು ಬ್ರೇಕಿನಿಂದ ಹಿಡಿದರೆ ಶಕ್ತಿ ಇನ್ನೊಂದಕ್ಕೆ ಹೋಗುತ್ತದೆ.

ಮರುನಿರ್ಮಾಣದ ದುಡ್ಡು ಸಾಲದಿದ್ದರೆ ಬೇರೆ ಏನನ್ನಾದರೂ ಬಿಡಬಹುದು, ಬ್ರೇಕನ್ನು ಬಿಡುವಂತಿಲ್ಲ. ಬೆಲ್ಟಿನಿಂದ ಓಡುವ ಯಂತ್ರದಲ್ಲಿ ಬೆಲ್ಟು ಹರಿದರೆ ಎಂಜಿನ್ನಿನ ಹಿಡಿತವೂ ಹೋಯಿತು, ಹಾಗಾಗಿ ಬ್ರೇಕು ನೇರವಾಗಿ ಗಾಲಿಯ ಕಡೆ ಇರಬೇಕು. ಟ್ರೇಲರಿಗೆ ಅದರದೇ ಬ್ರೇಕು ಬೇಕು. ಅರ್ಧ ಟನ್ನಿನ ಯಂತ್ರದ ಹಿಂದೆ ಒಂದು ಟನ್ನು ಕಾಯಿ ತುಂಬಿದಾಗ ಇಳಿಜಾರಿನಲ್ಲಿ ಯಂತ್ರವನ್ನು ಹೊರೆಯೇ ನೂಕಿಕೊಂಡು ಹೋಗುತ್ತದೆ.

ಉಪಕರಣಗಳು

ಮಣ್ಣು ಕೊಚ್ಚುವ ರೋಟರಿಯ ಜಾಗಕ್ಕೆ ಬರುವ ಮುಖ್ಯ ಉಪಕರಣ ಕಳೆ ಸವರುವ ಸ್ಲ್ಯಾಶರು. 60 ಸೆಂ.ಮೀ. ವ್ಯಾಸದ ಬ್ಲೇಡು ನಿಮಿಷಕ್ಕೆ 2,400 ಸುತ್ತು ತಿರುಗಿದರೆ ಅದರ ತುದಿ ಸೆಕೆಂಡಿಗೆ 75 ಮೀಟರು, ಅಂದರೆ ಗಂಟೆಗೆ 270 ಕಿ.ಮೀ. ವೇಗದಲ್ಲಿರುತ್ತದೆ. ಆ ವೇಗದಲ್ಲಿ ಸಿಡಿದ ಚಿಪ್ಪಿನ ಚೂರು ಗುಂಡಿಗೆ ಸಮಾನ. ಸುತ್ತ ತಗಡಿನ ಹೊದಿಕೆ, ಹಿಂದೆ ಮುಂದೆ ಸರಪಳಿಯ ಪರದೆ ಇಲ್ಲದೆ ಅದನ್ನು ತಿರುಗಿಸಬಾರದು. ಬ್ಲೇಡನ್ನು ಗಟ್ಟಿಯಾಗಿ ಬಿಗಿಯದೆ ಮಡಚಿಕೊಳ್ಳುವಂತೆ ಪಿನ್ನಿನ ಮೇಲೆ ಕೂರಿಸಿದರೆ ಬೊಡ್ಡೆಗೆ ಬಡಿದಾಗ ಹಿಂದಕ್ಕೆ ಸರಿಯುತ್ತದೆ, ಗೇರ್‌ಬಾಕ್ಸೂ ಉಳಿಯುತ್ತದೆ. ಗರಿ ಪುಡಿ ಮಾಡುವ ಯಂತ್ರ, ಸಿಂಪಡಣೆಯ ಪಂಪುಗಳಿಗೆ ಎಂಜಿನ್ನಿನ ಇನ್ನೊಂದು ಪುಲ್ಲಿಯಿಂದ ಬೆಲ್ಟು ಕೊಡಬಹುದು. ಪಂಪಿನ ಪಟ್ಟಿಯಲ್ಲಿ ಬರೆದ ವೇಗಕ್ಕೆ ತಕ್ಕಂತೆ ಪುಲ್ಲಿಯ ಅಳತೆ ಇರಬೇಕಷ್ಟೆ. ತಿರುಗುವ ಎಲ್ಲ ಬೆಲ್ಟು, ಶಾಫ್ಟುಗಳಿಗೂ ಮುಚ್ಚಳ ಕಡ್ಡಾಯ. ಪಂಚೆ, ಸೀರೆಯ ಸೆರಗು, ಟವಲು ಸಿಕ್ಕಿಕೊಂಡು ಆಗುವ ಅನಾಹುತಗಳನ್ನು ಒಂದು ತಗಡಿನ ತುಂಡು ತಡೆಯುತ್ತದೆ.

ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಉತ್ತರ ಭಾರತದಲ್ಲಿ ಪಂಪಿನ ಎಂಜಿನ್ನು ಕೂರಿಸಿ ಕಟ್ಟಿಕೊಳ್ಳುತ್ತಿದ್ದ ‘ಜುಗಾಡ್’ ಗಾಡಿಗಳ ಪ್ರಶ್ನೆ ರಾಜಸ್ಥಾನದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2013ರಲ್ಲಿ ನ್ಯಾಯಾಲಯ ಅವೂ ಮೋಟಾರು ವಾಹನಗಳೇ, ಕಾಯ್ದೆಯ ಎಲ್ಲ ನಿಯಮಗಳೂ ಅವಕ್ಕೆ ಅನ್ವಯಿಸುತ್ತವೆ ಎಂದು ತೀರ್ಪಿತ್ತಿತು. ಕಾರ್ಖಾನೆಯಲ್ಲಿ ಅಥವಾ ಸುತ್ತುವರಿದ ಆವರಣದಲ್ಲಿ ಮಾತ್ರ ಬಳಸಲೆಂದೇ ರೂಪಿಸಿದ ವಾಹನವನ್ನು ಕಾಯ್ದೆಯ ವ್ಯಾಖ್ಯೆ ಹೊರಗಿಟ್ಟಿದೆ. ಆ ವಿನಾಯಿತಿಯನ್ನು ನಂಬಿ ಎರಡು ತೋಟಗಳ ನಡುವಿನ ಡಾಂಬರು ರಸ್ತೆಗೆ ಯಂತ್ರವನ್ನು ಇಳಿಸಿದರೆ ವಿನಾಯಿತಿ ಅಲ್ಲಿಗೇ ಮುಗಿಯುತ್ತದೆ. ಮನೆಯಲ್ಲಿ ಕಟ್ಟಿದ ಯಂತ್ರಕ್ಕೆ ನೋಂದಣಿ ಇಲ್ಲ, ನೋಂದಣಿ ಇಲ್ಲದ ವಾಹನಕ್ಕೆ ವಿಮೆ ಇಲ್ಲ. ಟ್ರೇಲರಿನಲ್ಲಿ ಕೂಲಿಯಾಳುಗಳನ್ನು ಕೂರಿಸಿಕೊಂಡು ಹೋಗುವಾಗ ಅವಘಡವಾದರೆ ಪರಿಹಾರದ ಹೊಣೆ ಪೂರ್ತಿ ಯಂತ್ರದ ಒಡೆಯನ ಮೇಲೆ ಬೀಳುತ್ತದೆ. ಆದ್ದರಿಂದ ಮರುನಿರ್ಮಾಣಗೊಂಡ ಯಂತ್ರದ ಕಾರ್ಯಕ್ಷೇತ್ರ ತೋಟದ ಬೇಲಿಯೊಳಗೇ. ಕೊಬ್ಬರಿಯ ಚೀಲಗಳು ಎಪಿಎಂಸಿಗೆ ಹೋಗಬೇಕಾದ್ದು ನೋಂದಣಿಯಾದ ವಾಹನದಲ್ಲಿ.